ಪಾಲಕರ ಸಮಾವೇಶಕ್ಕೆ ಬರಬೇಕಾದವರು ಬರುತ್ತಿದ್ದಾರೆಯೇ?

ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಂಸ್ಕಾರ ಶಿಬಿರ ನಡೆಸುವುದು ಜೈನ ಸಮಾಜಕ್ಕೆ ಹೊಸದಲ್ಲ. ಈಗ ಪಾಲಕರಿಗಾಗಿಯೇ ಸಮಾವೇಶಗಳು ನಡೆಯುತ್ತಿರುವುದು ಸ್ವಾಗತಾರ್ಹ. ಆದರೆ ಸಭಾಂಗಣದಲ್ಲಿ ಕುಳಿತವರಲ್ಲಿ ತಾಯಂದಿರೇ ಹೆಚ್ಚು. ತಂದೆಯರು ಅಂಗಡಿಯಲ್ಲಿ ಅಥವಾ ಹೊಲದಲ್ಲಿ ಇರುತ್ತಾರೆ. ಪೇಟೆಗೆ ವಾರದ ರಜೆ ಇರುವ ದಿನ ಸಭೆ ಇಟ್ಟರೆ ಅರ್ಧ ಜನರಾದರೂ ಬಂದಾರು. ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಗಂತೂ ಆಮಂತ್ರಣವೇ ಹೋಗಿರುವುದಿಲ್ಲ.

ಭಾಷಣಗಳಲ್ಲಿ ಮೊದಲ ಅಪರಾಧಿ ಮೊಬೈಲ್, ಎರಡನೆಯದು ಹೊರಗಿನ ತಿಂಡಿ. ಅದು ಸುಳ್ಳಲ್ಲ. ಆದರೆ ಮಗುವಿನ ದಿನಚರಿಯನ್ನು ಕಾಗದದ ಮೇಲೆ ಬರೆದು ನೋಡಿದರೆ ಬೇರೆಯೇ ಲೆಕ್ಕ ಸಿಗುತ್ತದೆ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯಾಸ್ತ. ಅದೇ ಹೊತ್ತಿಗೆ ಶುರುವಾಗುವ ಟ್ಯೂಷನ್ ಎಂಟಕ್ಕೆ ಮುಗಿದರೆ, ಮಗುವಿನ ಊಟ ಐದೂವರೆಗೇ ಆಗಿರಬೇಕು. ಅಂದರೆ ನಾಲ್ಕೂವರೆಗೆ ಮನೆಯಲ್ಲಿ ಯಾರಾದರೂ ಒಲೆ ಹಚ್ಚಿರಬೇಕು. ತಾಯಿಯೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹಚ್ಚುವವರು ಯಾರು? ರಾತ್ರಿಭೋಜನ ತ್ಯಾಗದ ಕುರಿತು ವೇದಿಕೆಯಲ್ಲಿ ಗಂಟೆಗಟ್ಟಲೆ ಉಪದೇಶ ನಡೆಯುತ್ತದೆ, ಈ ಒಲೆಯ ಮಾತು ಮಾತ್ರ ಬರುವುದಿಲ್ಲ. ಟ್ಯೂಷನ್ ವೇಳೆ ಗೊತ್ತುಮಾಡಿ ಫೀಸು ಕಟ್ಟಿದವರು ಪಾಲಕರೇ. ಅಂಗಡಿ ಮುಚ್ಚಿ ರಾತ್ರಿ ಒಂಬತ್ತೂವರೆಗೆ ತಟ್ಟೆಯ ಮುಂದೆ ಕೂರುವ ತಂದೆ ಮಗನಿಗೆ ನಿಯಮ ಹೇಳಿದರೆ, ಆ ಮಗ ಕಿವಿಗಿಂತ ಕಣ್ಣನ್ನೇ ನಂಬುತ್ತಾನೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2 ಮಕ್ಕಳು, ಜೈನರಲ್ಲಿ 1.6. ವೇದಿಕೆಯವರಿಗೆ ಇದು ಸಮಾಜದ ಸಂಖ್ಯೆ ಇಳಿಯುವ ಆತಂಕ. ಮನೆಯೊಳಗೆ ಅದರ ಅರ್ಥ ಬೇರೆ. ತಂದೆ, ತಾಯಿ, ಎರಡೂ ಕಡೆಯ ಅಜ್ಜ ಅಜ್ಜಿ ಸೇರಿ ಆರು ಮಂದಿಯ ಆಸೆ ಒಂದೇ ಮಗುವಿನ ಮೇಲೆ. ಸಿಎ ಓದಬೇಕು, ವ್ಯಾಪಾರವನ್ನೂ ನಡೆಸಬೇಕು, ಪಾಠಶಾಲೆ ಪರೀಕ್ಷೆಯಲ್ಲೂ ಮೊದಲು ಬರಬೇಕು.

ಹತ್ತನೇ ತರಗತಿ ಮುಗಿಯುತ್ತಲೇ ನೀಟ್, ಸಿಇಟಿ ಎಂದು ಮಕ್ಕಳನ್ನು ದೂರದ ವಸತಿ ಕಾಲೇಜಿಗೆ ಬಿಡುವುದು ಈಗ ರೂಢಿ. ಮಕ್ಕಳನ್ನು ಹೊರಗಿಟ್ಟು ಓದಿಸುವುದು ಹಳೆಯದೇ. 1899ರಲ್ಲಿ ಆರಂಭವಾದ ದಕ್ಷಿಣ ಭಾರತ ಜೈನ ಸಭೆ ಬೋರ್ಡಿಂಗ್‌ಗಳನ್ನು ಕಟ್ಟಿದ್ದೇ ಅದಕ್ಕಾಗಿ. ಅಲ್ಲಿ ಅಡುಗೆಯಿಂದ ಹಿಡಿದು ಎಲ್ಲವೂ ಸಮಾಜದ ಕಣ್ಣಳತೆಯಲ್ಲಿತ್ತು. ಇಂದಿನ ಹಾಸ್ಟೆಲ್ ಹಾಗಲ್ಲ. ವಸತಿ ಕಾಲೇಜುಗಳ ಊರಾದ ಮೂಡುಬಿದಿರೆ ಜೈನಕಾಶಿಯೂ ಹೌದು. ಇಂಥ ಊರುಗಳ ಶ್ರಾವಕರು ಹೊರಗಿನಿಂದ ಬಂದ ಮಕ್ಕಳನ್ನು ತಿಂಗಳಿಗೊಂದು ಭಾನುವಾರ ಮನೆಯೂಟಕ್ಕೆ ಕರೆಯುವ ಏರ್ಪಾಡು ಮಾಡಿದರೆ ಖರ್ಚು ಹೆಚ್ಚೇನಿಲ್ಲ.

ಫೋನಿನಲ್ಲಿ ಅಂಕದ ಹೊರತು ಬೇರೇನೂ ಕೇಳದ ಮನೆಯ ಮಗು, ನಿದ್ದೆ ಬರುತ್ತಿಲ್ಲ ಎಂದು ಯಾರಿಗೆ ಹೇಳಬೇಕು? ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮುಂದಿನ ಸಮಾವೇಶದ ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರಿನ ಕೆಳಗೆ ಈ ಸಂಖ್ಯೆಯನ್ನೂ ಅಚ್ಚು ಹಾಕಿಸಲು ಜಾಗವಿದೆ.