ತಕ್ಕಡಿ ಯಾರ ಕೈಯಲ್ಲಿ?

ಬೆಳೆಗಾರನ ಕಷ್ಟವನ್ನು ಕುರಿತು ನಮ್ಮಲ್ಲಿ ಮಾತಿಗೆ ಕೊರತೆಯಿಲ್ಲ. ಮಳೆ ಬಾರದಿದ್ದರೆ ಕಷ್ಟ, ಹೆಚ್ಚಾದರೆ ಕಷ್ಟ, ಹುಳು ಬಿದ್ದರೆ ಕಷ್ಟವೆಂಬುದನ್ನು ಎಲ್ಲರೂ ಬಲ್ಲೆವು. ಆದರೆ ಬೆಳೆ ಚೆನ್ನಾಗಿ ಬಂದ ವರ್ಷವೇ ಬೆಳೆಗಾರನು ಸೋಲುವುದುಂಟು. ಆ ಸೋಲು ಹೊಲದಲ್ಲಿ ಆಗುವುದಲ್ಲ, ತಕ್ಕಡಿಯ ಮುಂದೆ ಆಗುವುದು. ಇದನ್ನು ವಿಚಾರ ಮಾಡಲು ನಾನು ಆರಿಸಿಕೊಂಡಿರುವ ಉದಾಹರಣೆ ಗಾಂಜಾ ಬೆಳೆ. ಹೆಸರು ಕೇಳಿದೊಡನೆ ಪೂಜ್ಯ ಅಧ್ಯಾಪಕರು ಹುಬ್ಬು ಗಂಟಿಕ್ಕಬಾರದಾಗಿ ಪ್ರಾರ್ಥನೆ. ನಮ್ಮ ದೇಶದಲ್ಲಿ 1985ರ ಕಾಯಿದೆಯು ಗಾಂಜಾವನ್ನು ನಿಷೇಧಿಸಿದೆ. ಅದನ್ನು ಸಡಿಲಿಸಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಂದೇ ಬೆಳೆಯು ಒಂದು ಕಡೆ ಅಪ್ಪಣೆಯಿಂದ ನಿಷೇಧಕ್ಕೂ, ಇನ್ನೊಂದು ಕಡೆ ನಿಷೇಧದಿಂದ ಅಪ್ಪಣೆಗೂ ಸಾಗಿದಾಗ ಸಣ್ಣ ಬೆಳೆಗಾರನ ಗತಿ ಏನಾಯಿತೆಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಬಂಗಾಳವನ್ನು ನೋಡೋಣ. ಬ್ರಿಟಿಷರ ಕಾಲದಲ್ಲಿ ರಾಜಶಾಹಿ ಜಿಲ್ಲೆಯ ನೌಗಾಂವ್ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ರೈತರು ಗಾಂಜಾ ಬೆಳೆಯುತ್ತಿದ್ದರು. 1893-94ರಲ್ಲಿ ಸರ್ಕಾರವು ನೇಮಿಸಿದ ಆಯೋಗವು ಈ ಬೆಳೆಯ ಬಗ್ಗೆ ಏಳು ಸಂಪುಟಗಳ ವಿಚಾರಣೆಯನ್ನೇ ನಡೆಸಿ, ಪೂರ್ಣ ನಿಷೇಧದ ಅಗತ್ಯವಿಲ್ಲವೆಂದು ಅಭಿಪ್ರಾಯಪಟ್ಟಿತು. ಈ ಬೆಳೆಗೆ ಒಂದು ವಿಶೇಷವುಂಟು. ಗಂಡು ಗಿಡಗಳನ್ನು ಸಕಾಲದಲ್ಲಿ ಕಿತ್ತುಹಾಕದಿದ್ದರೆ ಹೆಣ್ಣು ಗಿಡಗಳು ಬೀಜ ಕಟ್ಟಿ ಬೆಳೆ ಕೆಡುತ್ತದೆ. ಇದನ್ನು ಗುರುತಿಸಲು ರೈತರು ‘ಪೋದ್ದಾರ್’ ಎಂಬ ಪರಿಣತನಿಗೆ ಹಣ ಕೊಟ್ಟು ಕರೆಸುತ್ತಿದ್ದರು. ಒಬ್ಬನ ಹೊಲದ ಗಂಡು ಗಿಡ ಪಕ್ಕದವನ ಬೆಳೆಯನ್ನೂ ಕೆಡಿಸಬಲ್ಲದು. ಹೀಗೆ ಬೆಳೆಯೇ ಅವರಿಗೆ ಸಹಕಾರದ ಮೊದಲ ಪಾಠ ಹೇಳಿತೆನ್ನಬಹುದು.

ಆದರೆ ಮಾರುವಾಗ ಅವರು ಒಬ್ಬೊಬ್ಬರೇ ಆಗಿದ್ದರು. ಕೊಳ್ಳುವವರು ಹೊರಗಿನ ಸಗಟು ವ್ಯಾಪಾರಿಗಳು, ನಡುವೆ ದಲ್ಲಾಳಿಗಳು. ಸರ್ಕಾರಕ್ಕೆ ಸುಂಕ ಬಂತು, ವ್ಯಾಪಾರಿಗೆ ಲಾಭ ಬಂತು, ಬೆಳೆದವನಿಗೆ ಉಳಿದಷ್ಟು ಬಂತು. ಇದಕ್ಕೆ ಪರಿಹಾರವಾಗಿ 1917ರಲ್ಲಿ ನೌಗಾಂವಿನ ಗಾಂಜಾ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಸಾವಿರಾರು ರೈತರು ಅದರ ಸದಸ್ಯರಾದರು. ಬೆಳೆಯನ್ನೆಲ್ಲ ಸಂಘಕ್ಕೆ ಒಪ್ಪಿಸಿ, ಸಂಘದ ಮೂಲಕವೇ ಮಾರತೊಡಗಿದರು. ಬಂದ ಲಾಭದಿಂದ ಸಂಘವು ಶಾಲೆಗಳನ್ನು ನಡೆಸಿತು, ಆಸ್ಪತ್ರೆಗಳನ್ನು ತೆರೆಯಿತು, ರಸ್ತೆಗಳನ್ನು ಮಾಡಿಸಿತು. ಬೆಳೆ ಅದೇ, ಮಣ್ಣು ಅದೇ, ಬೆಳೆದವರೂ ಅವರೇ. ಬದಲಾದದ್ದು ತಕ್ಕಡಿ ಹಿಡಿದ ಕೈ ಮಾತ್ರ.

ಈಗ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಬರೋಣ. ಅಲ್ಲಿನ ಉತ್ತರ ಭಾಗದ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಎಂಬ ಮೂರು ಕೌಂಟಿಗಳ ಬೆಟ್ಟಗಳಲ್ಲಿ ಸಣ್ಣ ಬೆಳೆಗಾರರು ಬಹುಕಾಲ ಕದ್ದುಮುಚ್ಚಿ ಗಾಂಜಾ ಬೆಳೆದರು. ಪೊಲೀಸರ ಹೆಲಿಕಾಪ್ಟರಿನ ಭಯವಿತ್ತು. ಆದರೆ ಆ ಭಯದಿಂದಲೇ ಬೆಲೆಯೂ ಏರಿತ್ತು. 1996ರಲ್ಲಿ ಔಷಧಕ್ಕೆಂದು ಅನುಮತಿ ದೊರೆಯಿತು. 2016ರಲ್ಲಿ ಜನರು ಮತ ಹಾಕಿ ಪೂರ್ಣ ಅನುಮತಿ ಕೊಟ್ಟರು. 2018ರ ಜನವರಿ 1ರಿಂದ ಅಂಗಡಿಗಳಲ್ಲಿ ಬಹಿರಂಗ ಮಾರಾಟ ಆರಂಭವಾಯಿತು. ಇನ್ನು ಸಣ್ಣವನಿಗೆ ಒಳ್ಳೆಯ ಕಾಲ ಬಂತೆಂದು ಯಾರಾದರೂ ಭಾವಿಸುವುದು ಸಹಜ.

ನಡೆದದ್ದು ಬೇರೆ. ಮೊದಲ ಐದು ವರ್ಷ ಒಂದು ಎಕರೆಗಿಂತ ದೊಡ್ಡ ತೋಟಕ್ಕೆ ಲೈಸೆನ್ಸ್ ಇಲ್ಲವೆಂಬ ಮಾತಿತ್ತು. ಆದರೆ 2017ರ ನವೆಂಬರಿನಲ್ಲಿ ಹೊರಬಂದ ನಿಯಮಗಳು, ಒಬ್ಬನೇ ಎಷ್ಟು ಸಣ್ಣ ಲೈಸೆನ್ಸುಗಳನ್ನು ಬೇಕಾದರೂ ಪಡೆಯಲು ದಾರಿ ಬಿಟ್ಟವು. ಹಣವುಳ್ಳವರು ಸಣ್ಣ ಲೈಸೆನ್ಸುಗಳನ್ನು ಒಂದರ ಮೇಲೊಂದು ಪೇರಿಸಿ ದೊಡ್ಡ ತೋಟ ಮಾಡಿದರು. ಬೆಳೆಗಾರನು ತಾನೇ ನೇರವಾಗಿ ಅಂಗಡಿಗೆ ಕೊಡುವಂತಿಲ್ಲ. ಲೈಸೆನ್ಸ್ ಪಡೆದ ವಿತರಕನೊಬ್ಬನು ನಡುವೆ ಇರಲೇಬೇಕೆಂದು ಕಾನೂನೇ ವಿಧಿಸಿತು. ಮಾಲನ್ನು ಕೊಟ್ಟು, ಅದು ಮಾರಾಟವಾದ ಮೇಲೆ ಹಣಕ್ಕಾಗಿ ಕಾಯುವ ಸ್ಥಿತಿ ಅನೇಕರದಾಯಿತು. ಅರ್ಧಕ್ಕಿಂತ ಹೆಚ್ಚು ನಗರಗಳೂ ಕೌಂಟಿಗಳೂ ತಮ್ಮಲ್ಲಿ ಅಂಗಡಿಯೇ ಬೇಡವೆಂದವು. ರಾಷ್ಟ್ರದ ಕಾನೂನಿನಲ್ಲಿ ನಿಷೇಧವಿದ್ದುದರಿಂದ ರಾಜ್ಯದ ಗಡಿ ದಾಟಿ ಮಾರುವಂತೆಯೂ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ತೆರಿಗೆಯ ವಿಷಯವಂತೂ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಪ್ರಾರಂಭದಲ್ಲಿ ಒಣಗಿದ ಹೂವಿನ ಪ್ರತಿ ಔನ್ಸಿಗೆ 9.25 ಡಾಲರು, ಅಂದರೆ ಪೌಂಡಿಗೆ 148 ಡಾಲರು ಬೆಳೆ ತೆರಿಗೆ ಇತ್ತು. ಬೆಲೆ ಎಷ್ಟಿದೆಯೆಂದು ಈ ತೆರಿಗೆ ಕೇಳುವುದಿಲ್ಲ, ತೂಕವನ್ನಷ್ಟೇ ನೋಡುತ್ತದೆ. ಪೌಂಡಿಗೆ ಸಾವಿರ ಡಾಲರು ಬೆಲೆಯಿರುವಾಗ ಅದು ನೂರಕ್ಕೆ ಹದಿನೈದಕ್ಕೂ ಕಡಿಮೆ. ಬೆಲೆ ನಾನೂರಕ್ಕೆ ಇಳಿದಾಗ ನೂರಕ್ಕೆ ಮೂವತ್ತೇಳು! 2021ರಲ್ಲಿ ಮಾಲು ಹೆಚ್ಚಾಗಿ ಬೆಲೆ ಕುಸಿಯಿತು. ಸಾವಿರ ಡಾಲರು ದಾಟುತ್ತಿದ್ದ ಪೌಂಡು ಕೆಲವು ನೂರಕ್ಕೆ ಬಂತು. 2022ರ ಜುಲೈ 1ರಂದು ಈ ತೆರಿಗೆಯನ್ನು ರದ್ದು ಮಾಡುವ ವೇಳೆಗೆ ಎಷ್ಟೋ ಸಣ್ಣ ಬೆಳೆಗಾರರು ಕಸುಬು ಬಿಟ್ಟಿದ್ದರು. ಹೆಲಿಕಾಪ್ಟರಿಗೆ ಸೋಲದವರನ್ನು ಲೆಕ್ಕದ ಪುಸ್ತಕ ಸೋಲಿಸಿತು.

ಇಷ್ಟು ದೂರದ ಕಥೆ ನಮಗೇಕೆ ಎಂದು ಮಿತ್ರರು ಕೇಳಬಹುದು. ನಾನು ಹೊಗೆಸೊಪ್ಪು ಬೆಳೆಯುವ ಮನೆಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆ ಮೆಟ್ಟಿಲಿನ ಹಣ ಬಂದದ್ದು ಸೊಪ್ಪಿನಿಂದಲೇ. ಪಿರಿಯಾಪಟ್ಟಣ, ಹುಣಸೂರು ಕಡೆಯ ಸಹಪಾಠಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. 1975ರ ಕಾಯಿದೆಯಂತೆ ತಂಬಾಕು ಮಂಡಳಿ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ 1984ರಿಂದ ಹರಾಜು ನಡೆಯುತ್ತಿದೆ. ಎಲ್ಲರೆದುರಿಗೆ ತೂಕ, ಎಲ್ಲರೆದುರಿಗೆ ಬೆಲೆ ಎಂಬುದು ಸಣ್ಣ ಉಪಕಾರವಲ್ಲ. ಆದರೂ ಮಾರುವವರು ಸಾವಿರಾರು, ಕೊಳ್ಳುವ ಕಂಪನಿಗಳು ಕೆಲವೇ. ಬ್ಯಾರನ್ನಿನಲ್ಲಿ ಸೌದೆ ಉರಿಸಿ, ರಾತ್ರಿಯೆಲ್ಲ ಎದ್ದಿದ್ದು ಬೇಯಿಸಿದ ಸೊಪ್ಪಿಗೆ ಯಾರೂ ಬೆಲೆ ಕೂಗದಿದ್ದರೆ ಬೇಲು ‘ನೋ ಬಿಡ್’ ಎನ್ನಿಸಿಕೊಂಡು ಮನೆಗೆ ಮರಳುತ್ತದೆ. ಸಾಲದವನು ಕಾಯುವಂತಿಲ್ಲ, ಬಣ್ಣ ಕೆಡುವ ಸೊಪ್ಪೂ ಕಾಯುವುದಿಲ್ಲ. ಬ್ರೆಜಿಲ್, ಜಿಂಬಾಬ್ವೆಗಳಲ್ಲಿ ಮಳೆ ಹೇಗಾಯಿತೆಂಬುದರ ಮೇಲೆ ನಮ್ಮೂರ ಮದುವೆಗಳು ನಿಲ್ಲುತ್ತವೆ.

ಇಂಥ ಬೆಳೆ ನಾಶವಾದರೇ ಒಳ್ಳೆಯದಲ್ಲವೇ ಎಂದು ಕೆಲವರು ಹೇಳುವರು. ಹೊಗೆಸೊಪ್ಪು ಆರೋಗ್ಯಕ್ಕೆ ಹಾನಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸಾಲದಲ್ಲಿ ಮುಳುಗಿದವನು ಬೆಳೆ ಬದಲಿಸಲಾರ. ಬೇರೆ ಬೆಳೆ ಫಲಕ್ಕೆ ಬರುವವರೆಗೆ ಮನೆ ನಡೆಸಲು ಕೈಯಲ್ಲಿ ನಾಲ್ಕು ಕಾಸು ಬೇಕು. ಆದ್ದರಿಂದ ಈ ಬೆಳೆ ಹೋಗಲೆಂದು ಬಯಸುವವರು ಮೊದಲು ಬೆಳೆಗಾರನಿಗೆ ನ್ಯಾಯವಾದ ಬೆಲೆಯನ್ನು ಬಯಸಬೇಕು. ಮಾತು ವಿಪರೀತವೆನಿಸಿದರೂ ಸತ್ಯ.

ನೌಗಾಂವಿನ ಕಥೆಗೆ ಇನ್ನೊಂದು ಅಧ್ಯಾಯವಿದೆ. 1947ರಲ್ಲಿ ದೇಶ ವಿಭಜನೆಯಾಗಿ ಹೊಲ ಒಂದು ದೇಶದಲ್ಲಿ, ಹಳೆಯ ಗಿರಾಕಿಗಳಲ್ಲಿ ಅನೇಕರು ಇನ್ನೊಂದು ದೇಶದಲ್ಲಿ ಆದರು. 1961ರ ಅಂತಾರಾಷ್ಟ್ರೀಯ ಒಪ್ಪಂದವು ಗಾಂಜಾ ಸೇವನೆಯನ್ನು ಗೊತ್ತಾದ ಅವಧಿಯೊಳಗೆ ನಿಲ್ಲಿಸಬೇಕೆಂದಿತು. 1987ರಲ್ಲಿ ಬಾಂಗ್ಲಾದೇಶವು ಬೆಳೆಯನ್ನು ನಿಷೇಧಿಸಿತು. ಸಂಘವು ದಲ್ಲಾಳಿಯನ್ನು ಗೆದ್ದಿತು. ಕಾನೂನಿನ ಮುಂದೆ ಅದಕ್ಕೆ ಬೇರೆ ಬೆಳೆಯ ಆಸರೆಯಿರಲಿಲ್ಲ. ತಂಬಾಕಿನ ವಿಷಯದಲ್ಲೂ 2005ರಿಂದ ಅಂತಾರಾಷ್ಟ್ರೀಯ ಒಪ್ಪಂದವೊಂದು ಜಾರಿಯಲ್ಲಿದೆ, ಭಾರತವೂ ಅದಕ್ಕೆ ಸಹಿ ಹಾಕಿದೆ. ಗಂಟೆಯ ಸದ್ದು ಕೇಳಿಸದವರಂತೆ ನಾವಿರಬಾರದು.

ಸಹಕಾರ ನಮಗೆ ಹೊಸದಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದ ನಾಡು ಇದು. ಅಡಿಕೆ ಬೆಲೆ ಬಿದ್ದಾಗ ಕರಾವಳಿಯ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿ ತಾವೇ ಕೊಳ್ಳುವವರಾಗಿ ಮಾರುಕಟ್ಟೆಗೆ ಇಳಿದರು. ಮುಂದೆ ಕೋಕೋ ಕೊಂಡು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಡೆಸಿದರು. ಒಂದು ಬೆಳೆಯ ಬಲದಿಂದ ಇನ್ನೊಂದು ಬೆಳೆಗೆ ಸೇತುವೆ ಕಟ್ಟುವುದೆಂದರೆ ಇದೇ. ಹೊಗೆಸೊಪ್ಪಿನ ಬೆಳೆಗಾರರಿಗೂ ಬೇಕಾಗಿರುವುದು ಮೂರು: ಕಾಯಲು ಸ್ವಂತ ಉಗ್ರಾಣ, ಕಾಯುವಷ್ಟು ದಿನಕ್ಕೆ ಕಡಿಮೆ ಬಡ್ಡಿಯ ಸಾಲ, ಮತ್ತು ಬೇರೆ ಬೆಳೆಗೆ ಹೋಗುವವರಿಗೆ ಸಂಘದ ಬೆಂಬಲ.

ಮಿತ್ರರೇ, ಈ ವರ್ಷ ನಮ್ಮಲ್ಲಿ ಅನೇಕರು ಪದವೀಧರರಾಗಿ ಹೊರಡುವೆವು. ಕೆಲಸ ಹುಡುಕಿ ಪಟ್ಟಣಕ್ಕೆ ಹೋಗುವುದು ತಪ್ಪಲ್ಲ. ಆದರೆ ಸಂಘದ ಲೆಕ್ಕ ಓದಬಲ್ಲವರು, ಕಾಯಿದೆಯ ಮಾತು ಬಿಡಿಸಿ ಹೇಳಬಲ್ಲವರು, ಮಹಾಸಭೆಯಲ್ಲಿ ಎದ್ದು ಪ್ರಶ್ನೆ ಕೇಳಬಲ್ಲವರು ಹಳ್ಳಿಯಲ್ಲಿ ಬೇಕಾಗಿದ್ದಾರೆ. ಬೆಳೆಯುವುದನ್ನು ನಮ್ಮ ಹಿರಿಯರು ನಮಗಿಂತ ಚೆನ್ನಾಗಿ ಬಲ್ಲರು. ಅಳೆಯುವುದನ್ನು ನಾವು ಕಲಿತು ಅವರ ಪಕ್ಕದಲ್ಲಿ ನಿಂತರೆ ನಮ್ಮ ಓದು ಸಾರ್ಥಕವಾದೀತು.