ಮಾಲ್ಗುಡಿ ನೋಡಿದ ಗೋವೆಯ ಕನ್ನಡಿಗರಲ್ಲಿ ಒಂದು ಮನವಿ

ಅಟ್ಟದ ಮೇಲಿನ ಟ್ರಂಕನ್ನು ಈ ವಾರ ಕೆಳಗಿಳಿಸಿ. ಹಳೆಯ ರೇಷನ್ ಕಾರ್ಡು, ಮದುವೆಯ ಸೀರೆ, ಊರಿನ ಹೊಲದ ಉತಾರ, ಇವುಗಳ ಅಡಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಒಂದು ವಿಡಿಯೊ ಕ್ಯಾಸೆಟ್ ಇದ್ದರೂ ಇರಬಹುದು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ‘ಸ್ವಾಮಿ’ ಎಂದೋ ‘ಮಾಲ್ಗುಡಿ’ ಎಂದೋ ಬರೆದಿದ್ದರೆ ಅದನ್ನು ಬಿಸಾಡಬೇಡಿ. ಹಾಗೆಯೇ, ದಯವಿಟ್ಟು, ಆಸೆಗೆ ಬಿದ್ದು ಪ್ಲೇಯರಿಗೂ ಹಾಕಬೇಡಿ. ಏಕೆಂದು ಮುಂದೆ ಹೇಳುತ್ತೇನೆ. ಕ್ಯಾಸೆಟ್ ಸಿಗದಿದ್ದರೂ ಬೇಸರ ಬೇಡ. ನನಗೆ ಅದಕ್ಕಿಂತ ಹೆಚ್ಚಾಗಿ ಬೇಕಿರುವುದು, ‘ಮಾಲ್ಗುಡಿ ಡೇಸ್’ ಧಾರಾವಾಹಿ ಬರುತ್ತಿದ್ದ ರಾತ್ರಿ ನಿಮ್ಮ ಚಾಪೆಯ ಮೇಲೆ ಯಾರ್‍ಯಾರು ಕೂತಿದ್ದರು ಎಂಬುದು.

ವಾಸ್ಕೋ, ಜುವಾರಿನಗರ, ಬೈನಾ, ಮಡಗಾಂವ್, ಫೋಂಡಾ, ಮಾಪ್ಸಾ, ಎಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೂ, ಐವತ್ತು ದಾಟಿದವರಿದ್ದರೆ ಮಾತು ಒಂದಲ್ಲ ಒಂದು ಸಲ ‘ಮಾಲ್ಗುಡಿ ಡೇಸ್’ಗೆ ಬಂದೇ ಬರುತ್ತದೆ. ಯಾರೋ ಎಲ್. ವೈದ್ಯನಾಥನ್ ಅವರ ಆ ತಾನನಾನವನ್ನು ಗುನುಗುತ್ತಾರೆ. ಇನ್ನೊಬ್ಬರು, ಶೀರ್ಷಿಕೆಯ ಹೊತ್ತಿಗೆ ಬರುತ್ತಿದ್ದ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳನ್ನು ನೆನೆಯುತ್ತಾರೆ. ‘ನಲವತ್ತೈದು ರೂಪಾಯಿ ಸಂಬಳದ ಕಥೆಯಲ್ಲಿ ಗುಮಾಸ್ತನಾಗಿದ್ದವರು ಯಾರು ಹೇಳಿ ನೋಡೋಣ’ ಎಂದು ಮೂರನೆಯವರು ಸವಾಲು ಹಾಕುತ್ತಾರೆ. ‘ವಿಷ್ಣುವರ್ಧನ್!’ ಎಂದು ಎರಡು ಮೂರು ದನಿ ಒಟ್ಟಿಗೆ ಬರುತ್ತವೆ. ‘ಮಿಠಾಯಿವಾಲಾ’ದಲ್ಲಿ ಅನಂತನಾಗ್, ಸ್ವಾಮಿ ಎಂಬ ಹುಡುಗನ ಅಪ್ಪನಾಗಿ ಗಿರೀಶ ಕಾರ್ನಾಡ, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಸ್ವಾಮಿಯಂತೂ ಮಾಸ್ಟರ್ ಮಂಜುನಾಥ್, ಅದನ್ನು ಯಾರೂ ಕೇಳುವುದೂ ಇಲ್ಲ. ಅರ್ಧ ಗಂಟೆ ಹೀಗೆ ಹೋಗುತ್ತದೆ. ಆಮೇಲೆ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತೇವೆ. ಆ ಮಾತನ್ನು ಯಾರೂ ಬರೆದಿಡುವುದಿಲ್ಲ. ನನ್ನ ಸಂಕಟ ಇಷ್ಟೇ.

ಆ ಕಂತುಗಳ ಬಗ್ಗೆ ನನಗೆ ಆತಂಕವಿಲ್ಲ, ಅವು ಉಳಿದಿವೆ. ನಟರ ಹೆಸರು, ನಿರ್ದೇಶಕರ ಹೆಸರು ಪುಸ್ತಕಗಳಲ್ಲಿವೆ. ಎಲ್ಲಿಯೂ ದಾಖಲಾಗದೆ ಉಳಿದಿರುವುದು ನೋಡಿದವರ ಕಥೆ. ಅದರಲ್ಲೂ ಗೋವೆಯಲ್ಲಿ ಕೂತು ನೋಡಿದ ನಮ್ಮ ಕಥೆ.

1986ರಲ್ಲಿ ದೂರದರ್ಶನದಲ್ಲಿ ಮಾಲ್ಗುಡಿ ಶುರುವಾದಾಗ ಗೋವೆ ಇನ್ನೂ ಕೇಂದ್ರಾಡಳಿತ ಪ್ರದೇಶ. ಕೊಂಕಣಿಗೆ ರಾಜಭಾಷೆಯ ಸ್ಥಾನ ಬೇಕೆಂಬ ಚಳವಳಿ ಬೀದಿಗಿಳಿದಿದ್ದ ದಿನಗಳು. 1987ರ ಫೆಬ್ರವರಿ 4ರಂದು ರಾಜಭಾಷಾ ಮಸೂದೆ ಪಾಸಾಯಿತು, ಮೇ 30ರಂದು ಗೋವೆ ರಾಜ್ಯವಾಯಿತು. ಯಾರ ಮಾತು ಯಾವುದು, ಯಾರು ಇಲ್ಲಿಯವರು ಎಂಬ ಚರ್ಚೆ ಹೊರಗೆ ಅಷ್ಟು ಕಾವಿನಲ್ಲಿ ನಡೆಯುತ್ತಿದ್ದಾಗ, ನಾವು ವಾಸ್ಕೋದ ಒಂದು ಕೊಂಕಣಿ ಮನೆಯ ಪಡಸಾಲೆಯಲ್ಲಿ ಕೂತು, ಮೈಸೂರಿನಲ್ಲಿ ಬಾಳಿದ ತಮಿಳು ಮನೆಮಾತಿನ ಲೇಖಕರೊಬ್ಬರು ಇಂಗ್ಲಿಷಿನಲ್ಲಿ ಬರೆದ ಕಥೆಯನ್ನು, ಕನ್ನಡದವರು ಆಗುಂಬೆಯಲ್ಲಿ ಚಿತ್ರೀಕರಿಸಿದ ರೂಪದಲ್ಲಿ, ಹಿಂದಿಯಲ್ಲಿ ನೋಡುತ್ತಿದ್ದೆವು. ಆ ಓಣಿಗೆಲ್ಲ ಇದ್ದುದು ಅದೊಂದೇ ಟಿವಿ, ಅದೂ ಕಪ್ಪುಬಿಳುಪು. ಗದಗಿನ ಕಡೆಯ ನಮ್ಮಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಆ ಮನೆಯ ಯಜಮಾನತಿಗೆ ಕನ್ನಡ ಬರುತ್ತಿರಲಿಲ್ಲ. ನಡುವೆ ಕೂತ ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು, ಆಕೆ ನಕ್ಕಿದ್ದು ಏಕೆಂದು ಆ ತಾಯಿಗೆ ಕೊಂಕಣಿಯಲ್ಲಿ ಹೇಳಬೇಕು. ಎರಡು ನಗುವಿನ ನಡುವೆ ಅರ್ಧ ನಿಮಿಷದ ಅಂತರ ಇರುತ್ತಿತ್ತು. ಅಜ್ಜಿ ತನ್ನ ಜೀವಮಾನದಲ್ಲಿ ಮಲೆನಾಡು ಕಂಡವಳಲ್ಲ. ಎರೆಮಣ್ಣಿನ ಬಯಲಿನವಳು. ಆ ಹೆಂಚಿನ ಮಾಡು, ಒದ್ದೆ ಅಂಗಳ, ಉದ್ದ ಜಗಲಿ ಯಾವುದೂ ಅವಳ ಊರಿನದಲ್ಲ. ಆದರೂ ಸ್ವಾಮಿ ಅಪ್ಪನ ಎದುರು ಲೆಕ್ಕ ಬಿಡಿಸಲಾಗದೆ ತಡವರಿಸಿದಾಗ, ‘ನಮ್ಮೂರಾಗೂ ಹಿಂಗ ನೋಡು’ ಎಂದಳು. ಊರು ಬಿಟ್ಟು ಬಂದವಳ ಬಾಯಲ್ಲಿ ಆ ‘ನಮ್ಮೂರು’ ಹೇಗೆ ಕೇಳಿಸುತ್ತಿತ್ತು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಇಂಥದೊಂದು ನೆನಪು ನಿಮ್ಮಲ್ಲಿಯೂ ಇದೆ. 1961ರಲ್ಲಿ ಗೋವೆ ಬಿಡುಗಡೆಯಾದ ನಂತರ ಬಂದರಿಗೆ, ಗಣಿಗೆ, ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಬೆಳಗಾವಿ ಕಡೆಯಿಂದ ಬಂದು ನೆಲೆಯೂರಿದವರು ನಾವು. 2011ರ ಜನಗಣತಿಯ ಪ್ರಕಾರ ಗೋವೆಯಲ್ಲಿ ಕನ್ನಡ ತಾಯ್ನುಡಿಯವರು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ಇಷ್ಟು ಜನರ ಮನೆವಾರ್ತೆ, ನಗು, ಸಂಜೆಗಳ ಬಗ್ಗೆ ಬರೆದ ಪುಟಗಳು ಎಷ್ಟಿವೆ? ನಮ್ಮ ಬಗ್ಗೆ ಬಂದಿರುವ ಬರಹದಲ್ಲಿ ಹೆಚ್ಚಿನದು ಜಾಗ, ಗುಡಿಸಲು, ತೆರವುಗಳ ಸುತ್ತಲೇ ಇದೆ. 2004ರಲ್ಲಿ ಬೈನಾ ಕಡಲಂಚಿನ ಮನೆಗಳು ಉರುಳಿದಾಗ ಅವುಗಳೊಂದಿಗೆ ಎಷ್ಟು ಟ್ರಂಕು, ಎಷ್ಟು ಫೋಟೊ ಹೋದವೋ ಲೆಕ್ಕ ಇಟ್ಟವರಿಲ್ಲ. ಉಳಿದ ಟ್ರಂಕುಗಳ ಬಗ್ಗೆಯಾದರೂ ನಾವು ಎಚ್ಚರ ವಹಿಸಬೇಕು ಎಂದು ನಾನು ಅಂಗಲಾಚುತ್ತಿರುವುದು ಅದಕ್ಕೇ.

ಮಾಲ್ಗುಡಿಯೇ ಏಕೆ ಎಂದು ಕೇಳುವವರಿಗೆ ಒಂದು ಮಾತು. ಧಾರಾವಾಹಿಯನ್ನು ನಿರ್ದೇಶಿಸಿದ ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಗೋವೆಯ ಗಡಿಯಿಂದ ಕರಾವಳಿಯುದ್ದಕ್ಕೂ ಕೆಳಗಿಳಿದರೆ ಸಿಗುವ ಹೊನ್ನಾವರ ಸೀಮೆಯ ಮಲ್ಲಾಪುರದಲ್ಲಿ. ಅನಂತನಾಗ್, ಶಂಕರ್ ನಾಗ್, ನಾಗರಕಟ್ಟೆ ಮನೆತನದ ಈ ಅಣ್ಣತಮ್ಮಂದಿರಿಬ್ಬರ ಮನೆಮಾತೂ ಕೊಂಕಣಿ. ಕಾರ್ನಾಡರ ಮನೆಮಾತೂ ಅದೇ. ನಮ್ಮ ಪಕ್ಕದ ಮನೆಯ ಗೋವೆಯವರೊಂದಿಗೆ ಹಂಚಿಕೊಳ್ಳಲು ಕನ್ನಡಿಗರ ಕೈಯಲ್ಲಿ ಇದಕ್ಕಿಂತ ಸಹಜವಾದ ನೆನಪು ಇನ್ನೊಂದಿಲ್ಲ. ಇದು ಅವರದೂ ಹೌದು, ನಮ್ಮದೂ ಹೌದು. ನನ್ನ ಮಟ್ಟಿಗೆ, ನೂರು ಸೌಹಾರ್ದ ಸಭೆಗಳಿಗಿಂತ ಆ ಪಡಸಾಲೆಯ ಟಿವಿ ಹೆಚ್ಚು ಕೆಲಸ ಮಾಡಿತು.

ಈಗ ಕ್ಯಾಸೆಟ್ಟಿನ ವಿಷಯ. ಅದರೊಳಗಿನ ಪಟ್ಟಿ ತೆಳುವಾದ ಪಾಲಿಯೆಸ್ಟರ್. ಅದರ ಮೇಲೆ ಕಾಂತೀಯ ಪುಡಿಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಗಾಳಿಯ ತೇವ ಕುಡಿದು ಕುಡಿದು ಆ ಅಂಟು ಜಿಗುಟಾಗುತ್ತದೆ, ಪುಡಿ ಉದುರುತ್ತದೆ. ಗೋವೆಯ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೇ ಬೂಸರು ಹಿಡಿಯುವಾಗ ಕ್ಯಾಸೆಟ್ಟಿನ ಪಾಡು ಹೇಳಬೇಕೆ? ಕಿಟಕಿಯಂತಿರುವ ಆ ಪಾರದರ್ಶಕ ಭಾಗದಲ್ಲಿ ಇಣುಕಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಧೂಳಿನಂಥದ್ದು ಕಂಡರೆ ಅದು ಬೂಸರು. ಅಂಥದನ್ನು ಪ್ಲೇಯರಿಗೆ ಹಾಕಿದರೆ ಪಟ್ಟಿ ಹರಿಯಬಹುದು, ಬೂಸರು ಯಂತ್ರಕ್ಕೂ ತಗಲಿ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಬೇರೆ ಕ್ಯಾಸೆಟ್ಟುಗಳಿಂದ ಅದನ್ನು ಬೇರೆ ಇಡಿ, ಒಣಗಿದ ಜಾಗದಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಸ್ಪೀಕರಿನ ಪಕ್ಕ ಬೇಡ. ಬಿಸಿಲಿಗೆ ಒಣಹಾಕುವುದಂತೂ ಬೇಡವೇ ಬೇಡ. ಹಳೆಯ ಟೇಪುಗಳನ್ನು ಶುಚಿ ಮಾಡಿ ಡಿಜಿಟಲ್ ಪ್ರತಿ ತೆಗೆಯುವವರ ಕೈಗೆ ಕೊಡಿ. ತಡಮಾಡುವಂತಿಲ್ಲ. ಇಂಥ ಪ್ಲೇಯರುಗಳನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲೇ ತಯಾರಿಕೆ ನಿಲ್ಲಿಸಿತು. ಈಗ ಓಡುತ್ತಿರುವುದೆಲ್ಲ ಹಳೆಯ ಯಂತ್ರಗಳೇ.

ಕಂತುಗಳು ಹೇಗೂ ಉಳಿದಿರುವಾಗ ಮಸುಕಾದ ಈ ಪ್ರತಿ ಯಾತಕ್ಕೆ ಎನ್ನಬೇಡಿ. ಕಂತು ಶುರುವಾಗುವ ಮೊದಲು ಬಂದ ವಾರ್ತೆಯ ತುಣುಕು, ನಡುವಿನ ಜಾಹೀರಾತು, ತಡವಾಗಿ ಗುಂಡಿ ಒತ್ತಿದ್ದರಿಂದ ತಪ್ಪಿಹೋದ ಮೊದಲ ಎರಡು ನಿಮಿಷ, ಚೀಟಿಯ ಮೇಲಿನ ನಿಮ್ಮ ತಂದೆಯ ಕೈಬರಹ, ಇವು ಯಾವ ಸರಕಾರಿ ಭಂಡಾರದಲ್ಲೂ ಇಲ್ಲ. ಕಂತನ್ನು ಮಾತ್ರ ಎಲ್ಲೆಂದರಲ್ಲಿ ಹಂಚಲು ಹೋಗಬೇಡಿ. ಅದರ ಹಕ್ಕು ಬೇರೆಯವರದು, ನಿಮ್ಮ ನೆನಪಿನ ಹಕ್ಕು ನಿಮ್ಮದು.

ಆ ನೆನಪುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಬರೆಯುವಾಗ ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಬೇರೆ ಇಡಿ ಎಂದು ವಿಶೇಷವಾಗಿ ಬೇಡುತ್ತೇನೆ. ಅಭಿಮಾನದಲ್ಲಿ ನಾವು ಕಥೆ ಬೆಳೆಸುತ್ತೇವೆ. ಮಲ್ಲೇಶ್ವರ, ಬಸವನಗುಡಿ ಎರಡನ್ನೂ ಸೇರಿಸಿ ಮಾಲ್ಗುಡಿ ಎಂಬ ಹೆಸರು ಮಾಡಿದರು ಎಂದು ಬೆಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಆ ಕಥೆಗಳನ್ನು ಬರೆದ ಆರ್.ಕೆ. ನಾರಾಯಣರು ಸ್ವತಃ ಹೇಳಿಕೊಂಡದ್ದು ಬೇರೆ: ಬೆಂಗಳೂರಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಗ, ವಿಜಯದಶಮಿಯ ದಿನ ಬರೆಯಲು ಕೂತರೆ ಮನಸ್ಸಿಗೆ ಮೊದಲು ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣವಂತೆ, ಹೆಸರೂ ಅದರ ಜೊತೆಗೇ ಬಂತಂತೆ. ಐವತ್ನಾಲ್ಕು ಕಂತುಗಳನ್ನೂ ಶಂಕರ್ ನಾಗರೇ ಮಾಡಿದರು ಎನ್ನುವವರಿದ್ದಾರೆ. ಅವರು ನಿರ್ದೇಶಿಸಿದ್ದು ಮೂವತ್ತೊಂಬತ್ತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರು ತೀರಿಕೊಂಡು ಬಹಳ ವರ್ಷಗಳಾದ ಮೇಲೆ, 2006ರಲ್ಲಿ, ಇನ್ನು ಹದಿನೈದನ್ನು ಕವಿತಾ ಲಂಕೇಶ್ ಮಾಡಿದರು. ಮಾಲ್ಗುಡಿಯ ರೈಲು ನಿಲ್ದಾಣವನ್ನು ಆಗುಂಬೆಯಲ್ಲಿ ನೋಡಿಬಂದೆ ಎನ್ನುವವರನ್ನೂ ಕಂಡಿದ್ದೇನೆ. ಆಗುಂಬೆಗೆ ರೈಲೇ ಇಲ್ಲ. ಆ ನಿಲ್ದಾಣ ಹೊಸನಗರ ತಾಲ್ಲೂಕಿನ ಅರಸಾಳು. ಅಲ್ಲಿಯ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದರ ಕೆಲಸಕ್ಕೂ ಕೈಹಾಕಿದರು ಎಂಬುದು ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ. ಒಂದು ಧಾರಾವಾಹಿಗಾಗಿ ನಿಲ್ದಾಣವನ್ನು ಉಳಿಸಬಹುದಾದರೆ ಒಂದು ನೋಟುಪುಸ್ತಕವನ್ನು ತುಂಬಿಸುವುದು ಕಷ್ಟವೆ?

ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ ಕಡೆಯಿಂದ ಗೋವೆಗೆ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮಲ್ಲಿ ಬೇರೆಯೇ ಕೋರಿಕೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಕ್ಯಾಮರಾ ಹಿಡಿದು ಎಸ್. ರಾಮಚಂದ್ರ ನಿಂತಿದ್ದಾಗ, ಸಂತೆಯ ಜನವಾಗಿ, ಶಾಲೆಯ ಮಕ್ಕಳಾಗಿ, ಗಾಡಿ ಹೊಡೆಯುವವರಾಗಿ ಹಿಂದೆ ಕಾಣಿಸಿಕೊಂಡವರು ಊರಿನವರೇ. ಅವರ ಹೆಸರು ಶೀರ್ಷಿಕೆಯಲ್ಲಿ ಓಡಲಿಲ್ಲ. ನಿಮ್ಮ ಮನೆಯಲ್ಲಿ ಅವರಲ್ಲೊಬ್ಬರು ಇದ್ದರೆ, ಕಂತನ್ನು ಮುಂದಿಟ್ಟು, ನಿಲ್ಲಿಸಿ ನಿಲ್ಲಿಸಿ, ‘ಇವರು ಯಾರು, ಇವರ ಪಕ್ಕದವರು ಯಾರು’ ಎಂದು ಕೇಳಿ. ಅವರೊಪ್ಪಿದರೆ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ, ಒಪ್ಪದಿದ್ದರೆ ಬಿಟ್ಟುಬಿಡಿ. ಆಗ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಐವತ್ತರ ಆಸುಪಾಸು. ಆಗ ಐವತ್ತಾಗಿದ್ದವರಲ್ಲಿ ಇನ್ನೂ ಹೇಳಬಲ್ಲವರು ಕೆಲವರು ಮಾತ್ರ.

ಗೋವೆಯ ಕನ್ನಡ ಸಂಘಗಳ ಹಿರಿಯರಲ್ಲಿ ಕೈಮುಗಿದು ಕೇಳುವುದು ಇಷ್ಟು. ನವೆಂಬರ್ ಒಂದಕ್ಕೆ ರಾಜ್ಯೋತ್ಸವ, ಒಂಬತ್ತಕ್ಕೆ ಶಂಕರ್ ನಾಗ್ ಹುಟ್ಟಿದ ದಿನ. ಈ ಒಂಬತ್ತು ದಿನಗಳಲ್ಲಿ ಒಂದು ಸಂಜೆಯನ್ನು ಬಿಟ್ಟುಕೊಡಿ. ಸನ್ಮಾನ ಬೇಡ, ಹಾರ ಬೇಡ. ಒಂದು ಕಂತು ಹಾಕಿ, ಚಾಪೆ ಹಾಸಿ, ಪಕ್ಕದ ಕೊಂಕಣಿ ಮನೆಯವರನ್ನೂ ಕರೆಯಿರಿ. ಆಮೇಲೆ ಹಿರಿಯರು ಮಾತಾಡಲಿ, ಕಾಲೇಜಿನ ಮಕ್ಕಳು ಬರೆದುಕೊಳ್ಳಲಿ. ಅದೇ ನವೆಂಬರಿನ ಕೊನೆಗೆ ಪಣಜಿಯಲ್ಲಿ ದೇಶದ ದೊಡ್ಡ ಚಲನಚಿತ್ರೋತ್ಸವ ನಡೆಯುತ್ತದೆ. ಪ್ರಸಾರ ಭಾರತಿಯವರು ಹಳೆಯ ದೂರದರ್ಶನದ ಧಾರಾವಾಹಿಗಳನ್ನೂ ತೋರಿಸುವ ‘ವೇವ್ಸ್’ ಎಂಬ ವೇದಿಕೆಯನ್ನು 2024ರ ನವೆಂಬರ್ 20ರಂದು ಉದ್ಘಾಟಿಸಿದ್ದು ಅದೇ ಉತ್ಸವದಲ್ಲಿ, ನಮ್ಮ ಮನೆಯ ಅಂಗಳದಲ್ಲಿ. ನೋಡಿದವರ ಮಾತೂ ಅದರ ಪಕ್ಕದಲ್ಲಿ ಇರಲಿ ಎಂದು ಕೇಳುವ ಅಧಿಕಾರ ನಮಗಿದೆ. ಆದರೆ ಕೇಳುವ ಮೊದಲು ಕೈಯಲ್ಲಿ ಪುಸ್ತಕ ಇರಬೇಕು. ತುಂಬಿದ ಪುಸ್ತಕದ ಒಂದು ಪ್ರತಿಯನ್ನು ಪಣಜಿಯ ಪಾಟೊದಲ್ಲಿರುವ ಕೃಷ್ಣದಾಸ ಶಾಮಾ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಒಯ್ಯೋಣ. 1832ರಲ್ಲಿ ಶುರುವಾದ ಗ್ರಂಥಾಲಯ ಅದು. ಗೋವೆಯ ಚರಿತ್ರೆ ಹುಡುಕಿ ಬರುವವರಿಗೆ ಅಲ್ಲಿ ವಾಸ್ಕೋದ ಕನ್ನಡ ಓಣಿಯೂ ಸಿಗಲಿ.

ಬರೆಯಲು ಬರುವುದಿಲ್ಲ ಎನ್ನಬೇಡಿ. ಮಕ್ಕಳಿಗೆ ಹೇಳಿ ಬರೆಸಿ. ವರ್ಷ ಸರಿಯಾಗಿ ನೆನಪಿಲ್ಲದಿದ್ದರೆ ‘ಮಗ ಮೂರನೇ ಇಯತ್ತೆಯಲ್ಲಿದ್ದಾಗ’ ಎಂದರೂ ಸಾಕು. ಟಿವಿ ಯಾರ ಮನೆಯದು, ಯಾವ ಗೋಡೆಗೆ ಇತ್ತು, ಆಂಟೆನಾ ತಿರುಗಿಸಲು ಮಾಡಿನ ಮೇಲೆ ಯಾರು ಹತ್ತುತ್ತಿದ್ದರು, ಕರೆಂಟು ಹೋದರೆ ಉಳಿದ ಕಥೆಯನ್ನು ಯಾರು ಕಟ್ಟಿ ಹೇಳುತ್ತಿದ್ದರು, ಅಜ್ಜಿಗೆ ಹಿಂದಿ ಬಿಡಿಸಿ ಹೇಳುತ್ತಿದ್ದವರು ಯಾರು. ಅಲ್ಲಿಂದ ಶುರು ಮಾಡಿ.