ಅಕ್ಕನ ಸಹಿ, ಅಜ್ಜಿಯ ‘ಅಂತೆ’

ಬಹಳ ದಿನಗಳಿಂದ ಇತ್ತ ಬರಲಾಗಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಗಡಿಬಿಡಿ, ಮನೆಗೆ ಬಂದರೆ ನಿದ್ದೆ. ಆದರೆ ಹೋದ ವಾರ ಅಕ್ಕ ಮಾಡಿದ ಒಂದು ಫೋನು ತಲೆಯಲ್ಲೇ ಕೊರೆಯುತ್ತಿದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ.

ಅಕ್ಕನ ಮಗಳಿಗೆ ಒಂದನೇ ಕ್ಲಾಸಿಗೆ ಸೀಟು ಸಿಕ್ಕಿದೆ. ಸಿಸ್ಟರುಗಳು ನಡೆಸುವ ಶಾಲೆ. ಅರ್ಜಿಯ ಕೊನೇ ಪುಟದಲ್ಲಿ ಒಂದು ಸಾಲು: ಶಾಲೆಯ ಪ್ರಾರ್ಥನೆಯಲ್ಲೂ ಧರ್ಮಬೋಧನೆಯ ತರಗತಿಯಲ್ಲೂ ನನ್ನ ಮಗು ಭಾಗವಹಿಸಲು ನನ್ನ ಅಭ್ಯಂತರವಿಲ್ಲ. ಕೆಳಗೆ ಪೋಷಕರ ಸಹಿ. “ಎಂತ ಮಾಡುದು ಮಾರಾಯಾ? ಸೈನ್ ಹಾಕದಿದ್ರೆ ಸೀಟು ಹೋಗ್ತದಾ ಏನೋ” ಅಂದಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಕರಾವಳಿಯ ಅಂಥದೇ ಒಂದು ಶಾಲೆಯಲ್ಲಿ ಕಲಿತವನು ನಾನು. ಅಲ್ಲಿ ವಾರಕ್ಕೆರಡು ಪಿರಿಯಡ್ ನಮ್ಮ ಕ್ಲಾಸು ಎರಡು ಹೋಳಾಗುತ್ತಿತ್ತು. ಕ್ರಿಶ್ಚಿಯನ್ ಮಕ್ಕಳು ಪಕ್ಕದ ಕೋಣೆಗೆ, ಕ್ಯಾಟಕಿಸಂಗೆ. ಅವರದನ್ನು ಕೊಂಕಣಿಯಲ್ಲಿ ‘ದೊತೊರ್ನ್’ ಅನ್ನುತ್ತಿದ್ದರು. ಉಳಿದ ನಾವು, ಹಿಂದೂ ಮುಸ್ಲಿಂ ಎಲ್ಲ ಸೇರಿ, ಇದ್ದಲ್ಲೇ ಕೂತು ಮಾರಲ್ ಸೈನ್ಸ್. ಸುಳ್ಳು ಹೇಳಬಾರದು, ಹಿರಿಯರಿಗೆ ಗೌರವ ಕೊಡಬೇಕು, ಉಗುರು ಕತ್ತರಿಸಬೇಕು. ಹತ್ತು ನಿಮಿಷದಲ್ಲಿ ಪಾಠ ಮುಗಿದು ಟೀಚರು ನೋಟ್ಸ್ ತಿದ್ದುತ್ತಾ ಕೂರುತ್ತಿದ್ದರು.

ನನ್ನ ಬೆಂಚಿನ ಗೆಳೆಯ ಆ ಕೋಣೆಯಿಂದ ಕಥೆ ಹೊತ್ತು ಬರುತ್ತಿದ್ದ. ಅಪ್ಪನ ಆಸ್ತಿ ಹಾಳು ಮಾಡಿ ಹಂದಿ ಕಾಯುವ ಸ್ಥಿತಿಗೆ ಬಂದು ಮನೆಗೆ ಮರಳಿದ ಮಗನ ಕಥೆ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಪೂಜಾರಿ ನೋಡಿಯೂ ನೋಡದ ಹಾಗೆ ದಾಟಿಹೋದದ್ದು, ಕೊನೆಗೆ ಬೇರೆ ಜನದ ಸಮಾರ್ಯದವನೊಬ್ಬ ಎತ್ತಿಕೊಂಡದ್ದು. ನನಗೆ ಹೊಟ್ಟೆಕಿಚ್ಚು! ಅವರಿಗೆ ಕಥೆ, ನಮಗೆ ಉಗುರು.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನನ್ನನ್ನು ಅಲ್ಲಿ ಯಾರೂ ಮತಾಂತರ ಮಾಡಲು ಬರಲಿಲ್ಲ. ನನ್ನ ದೂರು ಅದಕ್ಕೆ ತದ್ವಿರುದ್ಧ. ಪಕ್ಕದಲ್ಲೇ ಕೂತವನ ಧರ್ಮದ ಬಗ್ಗೆ ನನಗೆ ಏನನ್ನೂ ಹೇಳಿಕೊಡಲಿಲ್ಲ. ನನ್ನ ಮನೆಯ ಬಗ್ಗೆ ಅವನಿಗೂ ಹೇಳಲಿಲ್ಲ.

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಮೇರಿ ಮಾತೆ ಹುಟ್ಟಿದ ದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವದಿಸಿ ಕೊಟ್ಟ ಭತ್ತದ ತೆನೆ ಮನೆಗೆ ತಂದು, ಹೊಸ ಅಕ್ಕಿ ಸೇರಿಸಿ, ಬಾಳೆಲೆಯಲ್ಲಿ ಸಸ್ಯಾಹಾರದ ಊಟ ಮಾಡುತ್ತಾರೆ. ಆಚೀಚೆ ಅದೇ ಸುಮಾರಿಗೆ ನಮ್ಮನೆಯಲ್ಲಿ ಹೊಸ್ತು. ಅಪ್ಪ ಗದ್ದೆಯಿಂದ ಕದಿರು ತಂದು ಬಾಗಿಲಿಗೆ ಕಟ್ಟುವುದು, ಹೊಸ ಅಕ್ಕಿ ಊಟ, ಹಿರಿಯರ ಕಾಲಿಗೆ ಬೀಳುವುದು. ಅದೇ ಮಳೆ, ಅದೇ ಭತ್ತ, ಅದೇ ಬಾಳೆಲೆ. ಇದನ್ನು ಒಂದು ಪಿರಿಯಡ್ಡಿನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸಿದ್ದರೆ ಎಂಥಾ ಪಾಠ ಆಗುತ್ತಿತ್ತು! ಆದರೆ ಆ ಪಿರಿಯಡ್ಡಿನಲ್ಲೇ ನಾವು ಬೇರೆ ಬೇರೆ ಕೋಣೆಯಲ್ಲಿದ್ದೆವು.

ಕಾನೂನು ಏನು ಹೇಳುತ್ತದೆ ಅಂತ ಅಕ್ಕನ ನೆಪದಲ್ಲಿ ಓದಿದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. 28(3)ನೇ ವಿಧಿ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗಾಗಲೀ ಪೂಜೆ ಪ್ರಾರ್ಥನೆಗಾಗಲೀ ಕೂರಿಸುವಂತಿಲ್ಲ. ಅಂದರೆ ಅರ್ಜಿಯ ಆ ಸಾಲು ಸುಮ್ಮನೆ ಬಂದದ್ದಲ್ಲ. ಅಕ್ಕನ ಕೈಯಲ್ಲಿರುವ ಪೆನ್ನಿಗೆ ಸಂವಿಧಾನದ ಬಲವೇ ಇದೆ.

ಆದರೆ ಆ ಬಲ ಎಷ್ಟು ಗಟ್ಟಿ? ಸಾಫ್ಟ್‌ವೇರ್ ಹಾಕಿಕೊಳ್ಳುವಾಗ ‘ಒಪ್ಪಿದ್ದೇನೆ’ ಅನ್ನುವ ಗುಂಡಿ ಬರುತ್ತದಲ್ಲ, ಹಾಗಾಗಿದೆ ಇದು. ಒತ್ತದಿದ್ದರೆ ಮುಂದಿನ ಪುಟವೇ ಇಲ್ಲ. ‘ಇಲ್ಲ’ ಅನ್ನಲು ಜಾಗವೇ ಇಲ್ಲದ ಕಡೆ ‘ಹೂಂ’ ಅಂದದ್ದನ್ನು ಒಪ್ಪಿಗೆ ಅನ್ನಲಾಗದು. ಅದನ್ನು ಬರೀ ಸಹಿ ಅನ್ನಬಹುದು ಅಷ್ಟೇ.

2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಶಾಲೆಯ ಅರ್ಜಿಯಲ್ಲಿ ಬೈಬಲ್ ಬಗ್ಗೆ ಇಂಥದೇ ಒಪ್ಪಿಗೆ ಪತ್ರ ಇದೆಯೆಂದು ದೊಡ್ಡ ಗಲಾಟೆ ಆಗಿತ್ತು. ಅದಕ್ಕೆ ಒಂದು ತಿಂಗಳ ಮುಂಚೆ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಗೆ ಭಗವದ್ಗೀತೆ ತರುವುದಾಗಿ ಹೇಳಿತ್ತು, ನಮ್ಮಲ್ಲೂ ಆ ಚರ್ಚೆ ಎದ್ದಿತ್ತು. ಒಂದಕ್ಕೆ ಚಪ್ಪಾಳೆ ತಟ್ಟಿದ ಎಷ್ಟೋ ಜನ ಇನ್ನೊಂದಕ್ಕೆ ಬೊಬ್ಬೆ ಹಾಕಿದರು. ಎರಡೂ ಕಡೆ ಯಾವ ಪುಸ್ತಕ ಅನ್ನುವುದರ ಬಗ್ಗೆಯೇ ಜಗಳ. ಹೇಗೆ ಕಲಿಸುತ್ತೀರಿ ಅಂತ ಕೇಳಿದವರು ಕಡಿಮೆ.

ನನಗನ್ನಿಸುವುದು, ಎಲ್ಲ ಇರುವುದೇ ಆ ‘ಹೇಗೆ’ಯಲ್ಲಿ. ನಮ್ಮಜ್ಜಿ ಕಥೆ ಹೇಳುವಾಗ ಪ್ರತಿ ವಾಕ್ಯದ ಕೊನೆಗೂ ಒಂದು ‘ಅಂತೆ’ ಇರುತ್ತಿತ್ತು. ರಾಮ ಕಾಡಿಗೆ ಹೋದನಂತೆ. ಹನುಮಂತ ಸಮುದ್ರ ಹಾರಿದನಂತೆ. ಅಜ್ಜಿಗೆ ಭಕ್ತಿ ಕಡಿಮೆ ಅಂತಲ್ಲ, ದಿನಾ ದೀಪ ಹಚ್ಚಿ ಕೈಮುಗಿಯುವವಳೇ. ಆದರೂ ಆ ‘ಅಂತೆ’ ನನಗೆ ಬಾಗಿಲು ತೆರೆದಿಡುತ್ತಿತ್ತು. ಹೌದಾ ಅಜ್ಜಿ, ಹೇಗೆ ಹಾರಿದ, ಅಂತ ಕೇಳಬಹುದಿತ್ತು.

‘ಯೇಸು ಮೂರನೇ ದಿನ ಎದ್ದು ಬಂದ’ ಅನ್ನುವುದು ಧರ್ಮಬೋಧನೆ. ‘ಎದ್ದು ಬಂದ ಅಂತ ಕ್ರಿಶ್ಚಿಯನ್ನರು ನಂಬುತ್ತಾರೆ’ ಅನ್ನುವುದು ಧರ್ಮದ ಬಗ್ಗೆ ಪಾಠ. ಈ ವ್ಯತ್ಯಾಸ ನನ್ನ ಸಂಶೋಧನೆಯೇನಲ್ಲ. 1964-66ರ ಕೊಠಾರಿ ಆಯೋಗ ಇವೆರಡನ್ನೂ ಬೇರೆ ಮಾಡಿ ತೋರಿಸಿತ್ತು. ಎಲ್ಲ ಧರ್ಮಗಳ ಬಗ್ಗೆ ತಿಳಿಸುವುದು 28ನೇ ವಿಧಿಗೆ ವಿರುದ್ಧವಲ್ಲ ಅಂತ ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಮೊದಲನೆಯದು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ತಮ್ಮ ಮಕ್ಕಳಿಗೆ ತಮ್ಮ ನಂಬಿಕೆ ಕಲಿಸುವುದು ಅವರ ಹಕ್ಕು, ಪಕ್ಕದ ಕೋಣೆಯಲ್ಲಿ ಧಾರಾಳವಾಗಿ ಕಲಿಸಲಿ. ಆದರೆ ಎರಡನೆಯದು ಎಲ್ಲ ಮಕ್ಕಳಿಗೂ ಒಂದೇ ಕೋಣೆಯಲ್ಲಿ ಬೇಕು. ಶಾಲೆಯಲ್ಲಿ ಧರ್ಮದ ಮಾತೇ ಬೇಡ ಅನ್ನುವ ಗೆಳೆಯರಿದ್ದಾರೆ. ಸರಿ, ಶಾಲೆ ಹೇಳದಿದ್ದರೆ ವಾಟ್ಸಾಪ್ ಹೇಳುತ್ತದೆ. ಅಲ್ಲಿ ‘ಅಂತೆ’ ಇರುವುದಿಲ್ಲ!

ತಿಳಿದುಕೊಂಡರೆ ಮಕ್ಕಳು ಧರ್ಮ ಬಿಟ್ಟುಬಿಡುತ್ತಾರೆ ಅನ್ನುವ ಹೆದರಿಕೆ ಇರುವವರು ನಮ್ಮ ಮಂಜೇಶ್ವರ ಗೋವಿಂದ ಪೈಗಳನ್ನು ನೆನಪಿಸಿಕೊಳ್ಳಲಿ. ಕ್ರಿಸ್ತನ ಕೊನೆಯ ದಿನದ ಬಗ್ಗೆ ‘ಗೊಲ್ಗೊಥಾ’ ಬರೆದರು, ಬುದ್ಧನ ಕೊನೆಯ ದಿನದ ಬಗ್ಗೆ ‘ವೈಶಾಖಿ’ ಬರೆದರು. ಪೈಗಳು ಪೈಗಳಾಗಿಯೇ ಉಳಿದರು, ಲಾಭ ಆದದ್ದು ಕನ್ನಡಕ್ಕೆ.

ಅಕ್ಕನಿಗೆ ಹೇಳಿದೆ: ಸಹಿ ಹಾಕುವ ಮೊದಲು ಹೋಗಿ ಕೇಳು. ಆ ಪಿರಿಯಡ್ಡಿನಲ್ಲಿ ಏನು ಕಲಿಸುತ್ತೀರಿ? ಬೇಡ ಅಂದವರ ಮಕ್ಕಳು ಎಲ್ಲಿರುತ್ತಾರೆ? ಹೋಗಿ ಕೇಳಿದಳು. ಸಿಸ್ಟರ್ ಸೌಮ್ಯವಾಗಿಯೇ ಮಾತಾಡಿದರಂತೆ. ಬೇಡವಾದರೆ ಮಗು ಲೈಬ್ರರಿಯಲ್ಲಿ ಕೂರಬಹುದು, ಆದರೆ ಈವರೆಗೆ ಯಾರೂ ಬೇಡ ಅಂದಿಲ್ಲ ಅಂದರಂತೆ. ಆರು ವರ್ಷದ ಮಗು ಲೈಬ್ರರಿಯಲ್ಲಿ ಒಂದೇ ಕೂತಿರುವುದನ್ನು ನೆನೆಸಿಕೊಂಡು ಅಕ್ಕ ಸಹಿ ಹಾಕಿ ಬಂದಳು. ನಾನೂ ಬೇಡ ಅನ್ನಲಿಲ್ಲ. ಆದರೆ ಆ ಖಾಲಿ ಲೈಬ್ರರಿ ನನ್ನನ್ನು ಇನ್ನೂ ಕಾಡುತ್ತಿದೆ.

ಪುಟ್ಟಿ ಜೂನ್‌ನಲ್ಲಿ ಶಾಲೆಗೆ ಹೋಗುತ್ತಾಳೆ. ಅಲ್ಲಿಂದ ತರುವ ಕಥೆಗಳನ್ನೆಲ್ಲ ಕೇಳಿಸಿಕೊಳ್ಳುವುದು, ಕೊನೆಗೆ ಒಂದೊಂದು ‘ಅಂತೆ’ ಸೇರಿಸುವುದು ಮಾವನ ಕೆಲಸ ಅಂತ ತೀರ್ಮಾನ ಆಗಿದೆ. ಅಜ್ಜಿಯ ಕಥೆಗಳಿಗೂ ಅದೇ ನಿಯಮ. :-)

ನಿಮ್ಮ ಶಾಲೆಯಲ್ಲಿ ಆ ಪಿರಿಯಡ್ಡಿನಲ್ಲಿ ಏನು ನಡೆಯುತ್ತಿತ್ತು? ನೀವು ಯಾವ ಕೋಣೆಯಲ್ಲಿ ಕೂತಿದ್ದಿರಿ? ಬರೆಯಿರಿ.